ಬಯೋಫಿಲ್ಮ್ ಹಿಡಿದಿಟ್ಟ ಅಂಟು ಯಾವುದು? ಕಾಲೇಜು ಲ್ಯಾಬಿನಲ್ಲೇ ಪತ್ತೆ ಹಚ್ಚುವ ಬಗೆ

ತಮ್ಮದೇ ಅಂಟಿನೊಳಗೆ ಗುಂಪಾಗಿ ಬಾಳುವ ಬ್ಯಾಕ್ಟೀರಿಯಾಗಳ ಪದರಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಪದವಿ ಮತ್ತು ಸ್ನಾತಕೋತ್ತರ ಮೈಕ್ರೊಬಯಾಲಜಿಯಲ್ಲಿ ಬಯೋಫಿಲ್ಮ್ ಮೇಲೆ ನಡೆಯುವ ಪ್ರಾಜೆಕ್ಟುಗಳು ಹೆಚ್ಚಾಗಿ ಒಂದೇ ಕಡೆ ಬಂದು ನಿಲ್ಲುತ್ತವೆ. ಕಫದಿಂದ ಸಿಕ್ಕ ಇಪ್ಪತ್ತು ಮೂವತ್ತು ತಳಿಗಳನ್ನು ತಂದು, ಪ್ಲೇಟಿನಲ್ಲಿ ಬೆಳೆಸಿ, ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ, ‘ಸ್ಟ್ರಾಂಗ್’, ‘ಮಾಡರೇಟ್’, ‘ವೀಕ್’ ಎಂದು ಪಟ್ಟಿ ಮಾಡಿ ರಿಪೋರ್ಟ್ ಬೈಂಡ್ ಮಾಡಿಸಿಬಿಡುತ್ತಾರೆ. ಅದರಿಂದ ಗೊತ್ತಾಗುವುದು ಎಷ್ಟು ಅಂಟಿದೆ ಎಂಬುದಷ್ಟೇ. ಯಾವುದರಿಂದ ಅಂಟಿದೆ ಎಂಬುದು ಹಾಗೇ ಉಳಿಯುತ್ತದೆ, ಕುತೂಹಲ ಇರಬೇಕಾದದ್ದು ಅಲ್ಲೇ. ಅದೇ ಪ್ಲೇಟು, ಅದೇ ಬಣ್ಣ, ಜೊತೆಗೆ ನಾಲ್ಕು ರಾಸಾಯನಿಕ ಇದ್ದರೆ ಆ ಪ್ರಶ್ನೆಗೂ ಉತ್ತರ ತೆಗೆಯಬಹುದು. ಶಿವಮೊಗ್ಗ, ಶಂಕರಘಟ್ಟ, ಸಾಗರ, ತೀರ್ಥಹಳ್ಳಿ ಕಡೆಯ ಲ್ಯಾಬುಗಳ ಮಳೆಗಾಲ, ಕರೆಂಟು, ನೀರು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಆ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಅಂಟಿನಲ್ಲಿ ಏನೇನಿದೆ

ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಕಟ್ಟಿಕೊಳ್ಳುವ ವಸ್ತುವಿಗೆ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಅದರಲ್ಲಿ ಮುಖ್ಯವಾದವು ಮೂರು: ಉದ್ದುದ್ದ ಸಕ್ಕರೆ ಸರಪಳಿಗಳು ಅಂದರೆ ಪಾಲಿಸ್ಯಾಕರೈಡ್‌ಗಳು, ಪ್ರೋಟೀನುಗಳು, ಮತ್ತು ಕೋಶದ ಹೊರಗೆ ಬಿದ್ದಿರುವ ಡಿಎನ್‌ಎ. ಡಿಎನ್‌ಎ, ಆಲ್ಜಿನೇಟ್‌ಗಳಂಥ ಎಳೆಗಳಿಗೆ ಋಣ ವಿದ್ಯುದಂಶ ಇರುವುದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ನಡುವೆ ನಿಂತು ಅವನ್ನು ಒಂದಕ್ಕೊಂದು ಕಟ್ಟುತ್ತವೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಈ ಮೂರು ಇರುತ್ತವೆ ಅನ್ನಿ, ಆದರೆ ಭಾರ ಹೊರುವುದು ಯಾವುದು ಎಂಬುದು ತಳಿಯಿಂದ ತಳಿಗೆ ಬೇರೆ.

ಹಳೆಯ ಶ್ವಾಸಕೋಶದ ಸೋಂಕುಗಳಲ್ಲಿ ಮತ್ತೆ ಮತ್ತೆ ಸಿಗುವ ಸ್ಯೂಡೊಮೊನಾಸ್ ಏರುಜಿನೋಸಾ ಮೂರು ಬಗೆಯ ಸಕ್ಕರೆ ಸರಪಳಿ ಮಾಡಬಲ್ಲದು: ಪಿಎಸ್‌ಎಲ್, ಪೆಲ್, ಆಲ್ಜಿನೇಟ್. ಲ್ಯಾಬ್ ತಳಿ ಪಿಎಓ1 ಬಹುಪಾಲು ಪಿಎಸ್‌ಎಲ್ ನಂಬಿಕೊಂಡಿರುತ್ತದೆ. ಪಿಎ14 ತಳಿಗೆ ಪಿಎಸ್‌ಎಲ್ ಮಾಡಲು ಬರುವುದೇ ಇಲ್ಲ, ಅದು ಪೆಲ್ ಮೇಲೆ ನಿಂತಿದೆ. ಪೆಲ್‌ಗೆ ಧನ ವಿದ್ಯುದಂಶ ಇರುವುದರಿಂದ ಋಣ ವಿದ್ಯುದಂಶದ ಡಿಎನ್‌ಎಗೆ ನೇರವಾಗಿ ಕಚ್ಚಿಕೊಳ್ಳುತ್ತದೆ. ರೋಗಿಯ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಇದ್ದ ತಳಿಗಳಲ್ಲಿ ಆಲ್ಜಿನೇಟಿಗೆ ಕಡಿವಾಣ ಹಾಕುವ ‘ಮಕ್-ಎ’ ಜೀನ್ ಕೆಟ್ಟು ಆಲ್ಜಿನೇಟ್ ಸುರಿಯತೊಡಗುತ್ತದೆ. ಅಗಾರ್ ಮೇಲೆ ಲೋಳೆಲೋಳೆಯಾಗಿ ಹರಡಿಕೊಳ್ಳುವ ಕಾಲೊನಿಗಳು ಅವೇ.

ಕಿವಿ ಸೋರುವ ಮಕ್ಕಳಲ್ಲೂ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಹಿರಿಯರಲ್ಲೂ ಸಿಗುವ ಹಿಮೋಫಿಲಸ್ ಇನ್‌ಫ್ಲುಯೆಂಜೆಯ ಕಥೆ ಬೇರೆ. ಅಲ್ಲಿ ಡಿಎನ್‌ಎಯೇ ಚೌಕಟ್ಟು. ಎಳೆಗಳು ಒಂದನ್ನೊಂದು ಹಾಯುವ ಕಡೆಗಳಲ್ಲಿ ಐಎಚ್‌ಎಫ್, ಎಚ್‌ಯು ಎಂಬ ಪ್ರೋಟೀನುಗಳು ಕೂತು ಡಿಎನ್‌ಎಯನ್ನು ಬಾಗಿಸಿ ಹಿಡಿಯುತ್ತವೆ. ಆ ಪ್ರೋಟೀನನ್ನು ಆ್ಯಂಟಿಬಾಡಿಯಿಂದ ಕಿತ್ತರೆ ಇಡೀ ರಚನೆ ಕುಸಿಯುತ್ತದೆ. ಸ್ಟ್ಯಾಫಿಲೊಕಾಕಸ್‌ಗಳಲ್ಲಿ ಪಿಐಎ ಎಂಬ ಸಕ್ಕರೆ ಸರಪಳಿ ಕೆಲವಕ್ಕೆ ಆಧಾರ, ಪ್ರೋಟೀನು ಮತ್ತು ಡಿಎನ್‌ಎ ಕೆಲವಕ್ಕೆ. ಈ ಪಿಐಎಗೇ ಪಿಎನ್‌ಎಜಿ ಎಂಬ ಇನ್ನೊಂದು ಹೆಸರಿದೆ, ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ, ಗಾಬರಿ ಬೇಡ.

ತಳಿ ತರುವ ಮುನ್ನ

ಮೊದಲು ಗೊತ್ತಿರುವ ತಳಿಗಳ ಮೇಲೆ ಕೈ ಕುದುರಿಸಿಕೊಳ್ಳಿ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಟಿಸಿಸಿ 35984 (ಎಟಿಸಿಸಿ ಎಂಬುದು ತಳಿ ಸಂಗ್ರಹ ಸಂಸ್ಥೆಯ ಹೆಸರು) ಗಟ್ಟಿಯಾಗಿ ಅಂಟುವ ತಳಿ, ಪಿಐಎ ಮಾಡುತ್ತದೆ. ಅದೇ ಜಾತಿಯ ಎಟಿಸಿಸಿ 12228 ಅಂಟುವುದಿಲ್ಲ. ಇವೆರಡನ್ನೂ ಪ್ರತಿ ಪ್ರಯೋಗದಲ್ಲಿ ಜೋಡಿಯಾಗಿ ಇಡಿ. ಮೂರನೆಯದಾಗಿ ಪಿಎಓ1 ಇರಲಿ.

ರೋಗಿಯ ತಳಿ ಬೇಕಿದ್ದರೆ ಕಫದ ಡಬ್ಬಿ ತರಬೇಡಿ. ನಮ್ಮಲ್ಲಿ ದೀರ್ಘ ಕಾಲದ ಕೆಮ್ಮಿನ ಕಫ ಅಂದರೆ ಮೊದಲು ಕ್ಷಯದ ಅನುಮಾನ. ಬಯೋಸೇಫ್ಟಿ ಕ್ಯಾಬಿನೆಟ್ ಇಲ್ಲದ ಕಾಲೇಜು ಲ್ಯಾಬಿನಲ್ಲಿ ಅದರ ಮುಚ್ಚಳ ತೆರೆಯುವಂತಿಲ್ಲ. ಆಸ್ಪತ್ರೆಯ ಮೈಕ್ರೊಬಯಾಲಜಿ ವಿಭಾಗದಲ್ಲೇ ಬೇರ್ಪಡಿಸಿ ಗುರುತಿಸಿದ ಶುದ್ಧ ಕಲ್ಚರನ್ನು, ರೋಗಿಯ ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿಸಿ ಪಡೆಯಿರಿ. ಎಥಿಕ್ಸ್ ಕಮಿಟಿಯ ಅನುಮತಿ ಮೊದಲು, ತಳಿ ಆಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದಕ್ಕೆ ಆಧಾರ.

ಇನ್ನೊಂದು ಎಚ್ಚರ ನಮ್ಮ ಕಡೆಯವರಿಗೆ ವಿಶೇಷವಾಗಿ ಬೇಕು. ಘಟ್ಟದ ಕೆಳಗೆ ಉಡುಪಿ, ಮಣಿಪಾಲದ ಕಡೆ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಪ್ರಕರಣಗಳು ಸಿಗುತ್ತಿರುತ್ತವೆ. ಅದನ್ನು ತರುವ ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲೈ ಗದ್ದೆಯ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ, ನ್ಯುಮೋನಿಯಾ ತರುತ್ತದೆ, ಗಾಳಿಯಲ್ಲಿ ತೇಲಿ ಲ್ಯಾಬಿನವರಿಗೂ ಹತ್ತಬಹುದು. ಪ್ಲೇಟಿನ ಮೇಲೆ ‘ಯಾವುದೋ ಸ್ಯೂಡೊಮೊನಾಸ್’ ಎಂದು ದಾಟಿಹೋಗುವಷ್ಟು ಹೋಲಿಕೆ ಇದೆ. ಗ್ರಾಂ ನೆಗೆಟಿವ್, ಆಕ್ಸಿಡೇಸ್ ಪಾಸಿಟಿವ್ ಇದ್ದು, ಕೊಲಿಸ್ಟಿನ್ ಮತ್ತು ಜೆಂಟಾಮೈಸಿನ್ ಎರಡಕ್ಕೂ ಬಗ್ಗದೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುವ ತಳಿ ಪಟ್ಟಿಯಲ್ಲಿದ್ದರೆ ಅದನ್ನು ನಿಮ್ಮ ಪ್ರಾಜೆಕ್ಟಿನಿಂದ ಹೊರಗಿಟ್ಟು, ಪ್ಲೇಟಿಗೆ ಟೇಪು ಸುತ್ತಿ, ಕೊಟ್ಟವರಿಗೆ ತಿಳಿಸಿ.

ಬೇಕಾಗುವ ಸಾಮಾನು

ಚಪ್ಪಟೆ ತಳದ, ಮುಚ್ಚಳ ಇರುವ 96 ಗುಣಿಯ ಪಾಲಿಸ್ಟೈರೀನ್ ಪ್ಲೇಟು. ಟಿಶ್ಯೂ ಕಲ್ಚರ್‌ಗೆ ಹದ ಮಾಡಿದ್ದೋ ಮಾಡದ್ದೋ, ಯಾವುದಾದರೂ ಸರಿ, ಆದರೆ ಪ್ರಾಜೆಕ್ಟ್ ಮುಗಿಯುವವರೆಗೆ ಒಂದೇ ಕಂಪನಿಯ ಒಂದೇ ಬಗೆಯದು. ನಡುವೆ ಬದಲಿಸಿದರೆ ಹಿಂದಿನ ಅಂಕಿಗಳೊಂದಿಗೆ ಹೋಲಿಸುವಂತಿಲ್ಲ.

ಸ್ಟ್ಯಾಫಿಲೊಕಾಕಸ್‌ಗೆ ಟ್ರಿಪ್ಟಿಕ್ ಸೋಯಾ ಬ್ರಾತ್‌ಗೆ ಶೇ. 1 ಗ್ಲೂಕೋಸ್ ಸೇರಿಸಿದ್ದು. ಗ್ಲೂಕೋಸನ್ನು ಶೇ. 20ರ ದ್ರಾವಣವಾಗಿ ಬೇರೆ ಸ್ಟೆರೈಲ್ ಮಾಡಿ 95 ಮಿಲಿ ಬ್ರಾತ್‌ಗೆ 5 ಮಿಲಿ ಸೇರಿಸಿ. ಒಟ್ಟಿಗೇ ಆಟೋಕ್ಲೇವ್ ಮಾಡಿದರೆ ಸಕ್ಕರೆ ಕಂದಿ ಬ್ರಾತ್ ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ಯೂಡೊಮೊನಾಸ್‌ಗೆ ಗ್ಲೂಕೋಸ್ ಹಾಕದ ಬ್ರಾತ್ ಸಾಕು. ಹಿಮೋಫಿಲಸ್‌ಗೆ ಬ್ರೈನ್ ಹಾರ್ಟ್ ಇನ್‌ಫ್ಯೂಷನ್ ಬ್ರಾತ್, ಅದಕ್ಕೆ ಮಿಲಿಗೆ 10 ಮೈಕ್ರೋಗ್ರಾಂ ಹೀಮಿನ್ ಮತ್ತು 10 ಮೈಕ್ರೋಗ್ರಾಂ ಎನ್‌ಎಡಿ, ಇವೆರಡೂ ಇಲ್ಲದೆ ಅದು ಬೆಳೆಯದು. ಎನ್‌ಎಡಿ ಬಿಸಿ ತಾಳದು, ಫಿಲ್ಟರ್ ಮಾಡಿ ಕೊನೆಗೆ ಸೇರಿಸಿ. ಸಿಒ2 ಇನ್‌ಕ್ಯುಬೇಟರ್ ಇಲ್ಲದಿದ್ದರೆ ಕ್ಯಾಂಡಲ್ ಜಾರ್ (ಒಳಗೆ ಮೇಣದಬತ್ತಿ ಹಚ್ಚಿ ಮುಚ್ಚಿದ ಜಾಡಿ) ನಡೆಯುತ್ತದೆ.

ಇನ್ನು ಒಂದೊಂದು ಅಂಟನ್ನು ಕತ್ತರಿಸುವ ನಾಲ್ಕು ಕತ್ತರಿಗಳು.

ಡಿಎನ್‌ಎಗೆ ಡಿಎನ್‌ಏಸ್ 1, ಮಿಲಿಗೆ 100 ಮೈಕ್ರೋಗ್ರಾಂ. ಬಫರ್: 10 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5, ಅದರಲ್ಲಿ 2.5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 0.5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ಈ ಎರಡು ಲವಣ ಇಲ್ಲದೆ ಎನ್‌ಜೈಮ್ ಕೆಲಸ ಮಾಡುವುದಿಲ್ಲ. ಫಾಸ್ಫೇಟ್ ಬಫರಿನಲ್ಲಿ ಕರಗಿಸುವುದು ಸಾಮಾನ್ಯ ತಪ್ಪು, ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ. ವೋರ್ಟೆಕ್ಸ್ ಮೇಲಿಟ್ಟು ಅಲುಗಿಸುವುದು ಇನ್ನೊಂದು ತಪ್ಪು, ಈ ಎನ್‌ಜೈಮ್ ಆ ಹೊಡೆತ ತಾಳದು, ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ. ಪ್ರೋಟಿಯೇಸ್ ಬೆರಕೆ ಇಲ್ಲದ ದರ್ಜೆಯನ್ನೇ ಕೊಳ್ಳಿ. ಬೆರಕೆ ಇದ್ದರೆ ಪ್ರೋಟೀನ್ ಕತ್ತರಿಸಿ ಹೋದದ್ದನ್ನು ಡಿಎನ್‌ಎ ಲೆಕ್ಕಕ್ಕೆ ಬರೆಯುತ್ತೀರಿ.

ಪ್ರೋಟೀನಿಗೆ ಪ್ರೋಟೀನೇಸ್ ಕೆ, ಮಿಲಿಗೆ 100 ಮೈಕ್ರೋಗ್ರಾಂ, 20 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್.

ಸಕ್ಕರೆ ಸರಪಳಿಗೆ ಸೋಡಿಯಂ ಮೆಟಾಪರ್‌ಅಯೊಡೇಟ್, 10 ಮಿಲಿಮೋಲಾರ್. 21.4 ಮಿಲಿಗ್ರಾಂ ತೂಗಿ 10 ಮಿಲಿ ಸೋಡಿಯಂ ಅಸಿಟೇಟ್ ಬಫರಿನಲ್ಲಿ ಕರಗಿಸಿ. ಬಫರ್ 50 ಮಿಲಿಮೋಲಾರ್, ಪಿಎಚ್ 4.5. ಬೆಳಕಿಗೆ ಕೆಡುತ್ತದೆ, ಆ ದಿನವೇ ಮಾಡಿ, ಟ್ಯೂಬಿಗೆ ಫಾಯಿಲ್ ಸುತ್ತಿ.

ಕ್ಯಾಲ್ಸಿಯಂ-ಮೆಗ್ನೀಸಿಯಂ ಕಟ್ಟಿಗೆ ಇಡಿಟಿಎ, 10 ಮಿಲಿಮೋಲಾರ್, ಟ್ರಿಸ್ ಪಿಎಚ್ 8ರಲ್ಲಿ. 0.5 ಮೋಲಾರ್ ದಾಸ್ತಾನಿಗೆ 100 ಮಿಲಿಗೆ 18.6 ಗ್ರಾಂ ಡೈಸೋಡಿಯಂ ಇಡಿಟಿಎ ಬೇಕು. ನೀರಿಗೆ ಹಾಕಿದಾಗ ಕರಗಲಿಲ್ಲವೆಂದು ಮತ್ತೆ ಮತ್ತೆ ಕಾಯಿಸಬೇಡಿ, ಸೋಡಿಯಂ ಹೈಡ್ರಾಕ್ಸೈಡ್ ಹಾಕುತ್ತಾ ಪಿಎಚ್ 8ಕ್ಕೆ ಬಂದಾಗ ತಾನೇ ಕರಗುತ್ತದೆ.

ಎನ್‌ಜೈಮುಗಳನ್ನು ಬೆಂಗಳೂರಿನಿಂದ ತರಿಸುವಾಗ ದ್ರವರೂಪದ್ದು ಬೇಡ, ಒಣಪುಡಿ ಕೇಳಿ. ಕೊರಿಯರ್ ಒಂದು ದಿನ ತಡವಾದರೂ ಐಸ್ ಕರಗಿಹೋಗಿರುತ್ತದೆ, ಪುಡಿಯಾದರೆ ಅಷ್ಟು ತಾಳಿಕೊಳ್ಳುತ್ತದೆ. ಕರಗಿಸಿದ ಮೇಲೆ 50 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 20ರಲ್ಲಿಡಿ. ಒಂದು ಸಲ ಹೊರತೆಗೆದ ಟ್ಯೂಬನ್ನು ಮತ್ತೆ ಫ್ರೀಜರಿಗೆ ಸೇರಿಸಬೇಡಿ.

ಕ್ರಿಸ್ಟಲ್ ವಯಲೆಟ್ ಶೇ. 0.1, ಅಂದರೆ 100 ಮಿಲಿ ಡಿಸ್ಟಿಲ್ಡ್ ವಾಟರಿಗೆ 0.1 ಗ್ರಾಂ. ಗ್ರಾಂ ಸ್ಟೇನಿನ ಬಾಟಲಿಯಿಂದಲೇ ಸುರಿಯಬೇಡಿ, ಅದರ ಸಾಂದ್ರತೆ ಹೆಚ್ಚು. ಬಳಸುವ ದಿನ ವಾಟ್ಮನ್ 1 ಕಾಗದದಲ್ಲಿ ಸೋಸಲೇಬೇಕು. ಕರಗದ ಹರಳೊಂದು ಗುಣಿಯ ತಳದಲ್ಲಿ ಕೂತರೆ ಇಲ್ಲದ ಬಯೋಫಿಲ್ಮ್ ಇದ್ದಂತೆ ಓದುತ್ತದೆ. ಬಣ್ಣ ಕರಗಿಸಲು ಶೇ. 30 ಅಸಿಟಿಕ್ ಆಮ್ಲ.

ಪ್ಲೇಟು ಹೂಡುವುದು

ಹೊರ ಸಾಲಿನ 36 ಗುಣಿಗಳನ್ನು ಪ್ರಯೋಗಕ್ಕೆ ಬಳಸಬೇಡಿ. ಅವುಗಳಿಂದ ನೀರು ಬೇಗ ಆರುತ್ತದೆ, ಅಂಕಿಗಳು ಓಲಾಡುತ್ತವೆ. ಅವಕ್ಕೆ ತಲಾ 200 ಮೈಕ್ರೋಲೀಟರ್ ಸ್ಟೆರೈಲ್ ನೀರು ತುಂಬಿ. ಹೊರಗೆ ಧೋ ಎಂದು ಮಳೆ ಸುರಿಯುತ್ತಿರುವಾಗ ಎಲ್ಲಿ ಆರುತ್ತದೆ ಎನ್ನಬೇಡಿ: ಇನ್‌ಕ್ಯುಬೇಟರಿನ ಒಳಗಿನ 37 ಡಿಗ್ರಿಗೂ ಅದರ ಫ್ಯಾನಿಗೂ ಹೊರಗಿನ ಮಳೆಯ ಗೊಡವೆ ಇಲ್ಲ.

ಒಳಗೆ ಉಳಿಯುವುದು 6 ಸಾಲು, 10 ಕಾಲಂ. ಒಂದು ತಳಿಗೆ ಒಂದು ಪ್ಲೇಟು ಸರಿಯಾಗಿ ಸಾಕಾಗುತ್ತದೆ. ಕಾಲಂ 2 ಬರೀ ಬ್ರಾತ್, ಬ್ಯಾಕ್ಟೀರಿಯಾ ಇಲ್ಲ. ಕಾಲಂ 3 ಬೆಳೆಸಿ ಸಲೈನ್ ಮಾತ್ರ ಹಾಕಿದ್ದು. 4 ಡಿಎನ್‌ಏಸ್ ಬಫರ್, 5 ಡಿಎನ್‌ಏಸ್. 6 ಪ್ರೋಟೀನೇಸ್ ಬಫರ್, 7 ಪ್ರೋಟೀನೇಸ್. 8 ಅಸಿಟೇಟ್ ಬಫರ್, 9 ಪರ್‌ಅಯೊಡೇಟ್. 10 ಟ್ರಿಸ್ ಪಿಎಚ್ 8, 11 ಇಡಿಟಿಎ. ಪ್ರತಿ ಕತ್ತರಿಯ ಪಕ್ಕ ಅದರದೇ ಬಫರು ಇರುವುದು ಈ ಪ್ರಯೋಗದ ಜೀವಾಳ. ಪಿಎಚ್ 4.5ರ ಅಸಿಟೇಟ್ ತಾನಾಗಿಯೇ ಕೆಲವು ಬಯೋಫಿಲ್ಮನ್ನು ಸಡಿಲಿಸುತ್ತದೆ, ಕೆಲವನ್ನು ಬಿಗಿ ಮಾಡುತ್ತದೆ. ಅದನ್ನು ಕಳೆಯದೆ ಪರ್‌ಅಯೊಡೇಟಿನ ಅಂಕಿಯನ್ನು ಓದುವುದರಲ್ಲಿ ಅರ್ಥವಿಲ್ಲ.

ಹಿಂದಿನ ಸಂಜೆ ಒಂದೇ ಕಾಲೊನಿಯನ್ನು 5 ಮಿಲಿ ಬ್ರಾತ್‌ಗೆ ಹಾಕಿ ರಾತ್ರಿ ಬೆಳೆಸಿ. ಬೆಳಿಗ್ಗೆ ಹೊಸ ಬ್ರಾತ್‌ನಲ್ಲಿ 1:100 ತೆಳುಗೊಳಿಸಿ, 10 ಮಿಲಿಗೆ 100 ಮೈಕ್ರೋಲೀಟರ್. ಗುಣಿಗೆ 150 ಮೈಕ್ರೋಲೀಟರಿನಂತೆ ಹಾಕಿ, ಮುಚ್ಚಿ, 37 ಡಿಗ್ರಿಯಲ್ಲಿ 24 ಗಂಟೆ ಅಲುಗಿಸದೆ ಇಡಿ. ಪ್ಲೇಟಿನ ಮೇಲೆ ಪ್ಲೇಟು ಪೇರಿಸಿದರೆ ನಡುವಿನದಕ್ಕೆ ಬಿಸಿ ತಡವಾಗಿ ತಲುಪುತ್ತದೆ, ಎರಡಕ್ಕಿಂತ ಹೆಚ್ಚು ಬೇಡ.

ಕರೆಂಟಿನ ವಿಚಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ಮಲೆನಾಡಿನಲ್ಲಿ ಹೊಸತಲ್ಲ. ಇನ್‌ಕ್ಯುಬೇಟರಿನ ಕೆಳ ತಟ್ಟೆಯಲ್ಲಿ ನೀರು ತುಂಬಿದ ಎರಡು ಲೀಟರಿನ ಮೂರು ನಾಲ್ಕು ಬಾಟಲಿಗಳನ್ನು ಕಾಯಂ ಇಟ್ಟಿರಿ. ಅವು ಬಿಸಿ ಹಿಡಿದಿರುವುದರಿಂದ ಬಾಗಿಲು ತೆರೆಯದಿದ್ದರೆ ಉಷ್ಣತೆ ನಿಧಾನಕ್ಕೆ ಇಳಿಯುತ್ತದೆ. ಒಳಗೊಂದು ಮ್ಯಾಕ್ಸಿಮಂ-ಮಿನಿಮಂ ಥರ್ಮಾಮೀಟರ್ ಇಟ್ಟು, 30ಕ್ಕಿಂತ ಕೆಳಗೆ ಹೋದ ರಾತ್ರಿಯ ಪ್ಲೇಟನ್ನು ಬಿಟ್ಟುಬಿಡಿ. ಸ್ಯೂಡೊಮೊನಾಸ್ ತಂಪಿನಲ್ಲಿ ಇನ್ನೂ ಹೆಚ್ಚು ಅಂಟು ಕಟ್ಟುವುದುಂಟು. ಆ ಅಂಕಿಯನ್ನು ಶ್ವಾಸಕೋಶದ ಉಷ್ಣತೆಯ ಲೆಕ್ಕಕ್ಕೆ ಸೇರಿಸಲಾಗದು.

ಕತ್ತರಿ ಹಾಕುವುದು, ಬಣ್ಣ ಹಾಕುವುದು

24 ಗಂಟೆಯಾದ ಮೇಲೆ ಪ್ಲೇಟನ್ನು ಹೈಪೋಕ್ಲೋರೈಟ್ ಇರುವ ಟ್ರೇಗೆ ಬಗ್ಗಿಸಿ ದ್ರವ ಚೆಲ್ಲಿ. ಕೊಡವಬೇಡಿ, ಹನಿಗಳು ಗಾಳಿಗೆ ಹಾರುತ್ತವೆ. ಪೈಪೆಟ್ಟಿನ ಮೊನೆಯನ್ನು ಗುಣಿಯ ಗೋಡೆಗೆ ತಾಗಿಸಿ 200 ಮೈಕ್ರೋಲೀಟರ್ ಸಲೈನ್ ನಿಧಾನಕ್ಕೆ ಬಿಟ್ಟು ಚೆಲ್ಲಿ, ಎರಡು ಸಲ. ತಳಕ್ಕೆ ನೇರ ಹಾರಿಸಿದರೆ ಬಯೋಫಿಲ್ಮೇ ಎದ್ದು ಹೋಗುತ್ತದೆ. ಆರು ಗುಣಿಗಳಲ್ಲಿ ಒಂದೆರಡು ಮಾತ್ರ ಬೋಳಾಗಿ ಕಂಡರೆ ಕಾರಣ ಎನ್‌ಜೈಮ್ ಅಲ್ಲ, ಕೈ.

ತೊಳೆಯಲು ನಲ್ಲಿ ನೀರು ಬೇಡ. ತುಂಗೆಯ ನೀರಿಗೂ ಕಾಲೇಜಿನ ಬೋರ್‌ವೆಲ್ ನೀರಿಗೂ ಕ್ಯಾಲ್ಸಿಯಂ ಒಂದೇ ಇರುವುದಿಲ್ಲ, ಜೊತೆಗೆ ಕ್ಲೋರಿನ್ ಬೇರೆ. ಇಡಿಟಿಎಯಿಂದ ಕ್ಯಾಲ್ಸಿಯಂ ಕಟ್ಟು ಬಿಚ್ಚುತ್ತದೆಯೇ ಎಂದು ಕೇಳುತ್ತಿರುವಾಗ ತೊಳೆಯುವ ನೀರಿನಲ್ಲೇ ಕ್ಯಾಲ್ಸಿಯಂ ಸುರಿದರೆ ಹೇಗೆ?

ಈಗ ಪ್ರತಿ ಕಾಲಂಗೆ ಅದರದರ ದ್ರಾವಣ, ಗುಣಿಗೆ 175 ಮೈಕ್ರೋಲೀಟರ್. ಕಾಲಂ 2ಕ್ಕೂ ಸಲೈನೇ. ಬೆಳೆಸಿದ್ದು 150, ಇದು 175, ಮುಂದೆ ಬಣ್ಣ 200, ಆಮ್ಲ 225. ಹೀಗೆ ಏರಿಸುವುದಕ್ಕೆ ಕಾರಣವಿದೆ. ಸ್ಯೂಡೊಮೊನಾಸ್ ಗುಣಿಯ ತಳಕ್ಕಿಂತ ದ್ರವದ ಮೇಲ್ಮಟ್ಟದಲ್ಲಿ, ಗಾಳಿ ತಾಗುವ ಕಡೆ, ಉಂಗುರದಂತೆ ಅಂಟಿಕೊಳ್ಳುತ್ತದೆ. ಅಷ್ಟೇ ಪ್ರಮಾಣ ಹಾಕಿದರೆ ಉಂಗುರದ ಮೇಲಂಚು ಮುಳುಗದೆ ಉಳಿಯುತ್ತದೆ.

ಕಾಲಂ ಒಂದಕ್ಕೆ 6 ಗುಣಿ, 1.05 ಮಿಲಿ ಬೇಕು, 1.5 ಮಿಲಿ ಮಾಡಿಕೊಳ್ಳಿ. ಅಷ್ಟಕ್ಕೆ ಮಿಲಿಗೆ 10 ಮಿಲಿಗ್ರಾಂ ಇರುವ ಡಿಎನ್‌ಏಸ್ ದಾಸ್ತಾನಿನಿಂದ 15 ಮೈಕ್ರೋಲೀಟರ್, ಮಿಲಿಗೆ 20 ಮಿಲಿಗ್ರಾಂ ಇರುವ ಪ್ರೋಟೀನೇಸಿನಿಂದ 7.5, ಇಡಿಟಿಎ 0.5 ಮೋಲಾರಿನಿಂದ 30. ಮುಚ್ಚಿ, ಫಾಯಿಲ್ ಹೊದೆಸಿ, 37 ಡಿಗ್ರಿಯಲ್ಲಿ 2 ಗಂಟೆ.

8 ಮತ್ತು 9ನೇ ಕಾಲಂಗಳ ದ್ರವವನ್ನು ಮೊದಲು ಪೈಪೆಟ್ಟಿನಿಂದ ಬೇರೆ ಟ್ಯೂಬಿಗೆ ತೆಗೆದುಕೊಳ್ಳಿ (ಕಾರಣ ಕೊನೆಯ ಭಾಗದಲ್ಲಿದೆ), ಉಳಿದದ್ದನ್ನು ಮತ್ತೆ ಚೆಲ್ಲಿ ಎರಡು ಸಲ ತೊಳೆಯಿರಿ. ಸ್ಟ್ಯಾಫಿಲೊಕಾಕಸ್ ಆದರೆ ಈ ಹಂತದಲ್ಲಿ ಪ್ಲೇಟನ್ನು 60 ಡಿಗ್ರಿ ಓವನಿನಲ್ಲಿ 1 ಗಂಟೆ ಇಟ್ಟು ಕೋಶಗಳನ್ನು ಗಟ್ಟಿ ಕೂರಿಸಿ, ಇಲ್ಲವಾದರೆ ಬಣ್ಣ ತೊಳೆಯುವಾಗ ಪದರ ಪದರವಾಗಿ ಎದ್ದು ಬರುತ್ತದೆ. ಬಳಿಕ 200 ಮೈಕ್ರೋಲೀಟರ್ ಕ್ರಿಸ್ಟಲ್ ವಯಲೆಟ್, 15 ನಿಮಿಷ. ಚೆಲ್ಲಿ, ದೊಡ್ಡ ಪಾತ್ರೆಯ ಡಿಸ್ಟಿಲ್ಡ್ ವಾಟರಿನಲ್ಲಿ ಪ್ಲೇಟನ್ನು ಓರೆಯಾಗಿ ಮುಳುಗಿಸಿ ಎತ್ತಿ. ಮೂರು ನಾಲ್ಕು ಸಲ, ಪ್ರತಿ ಸಲ ಹೊಸ ನೀರು, ಕಾಲಂ 2 ಬಣ್ಣವಿಲ್ಲದೆ ಕಾಣುವವರೆಗೆ. ಟಿಶ್ಯೂ ಕಾಗದದ ಮೇಲೆ ಕವುಚಿ ತಟ್ಟಿ.

ಒಣಗಿಸುವುದು ಮಳೆಗಾಲದಲ್ಲಿ ಬೇರೆಯೇ ಕೆಲಸ. ಬೇಸಿಗೆಯಲ್ಲಿ ಮೇಜಿನ ಮೇಲೆ ಮಧ್ಯಾಹ್ನದೊಳಗೆ ಒಣಗುವ ಪ್ಲೇಟು ಆಷಾಢದಲ್ಲಿ ಮಾರನೆಯ ದಿನವೂ ಹಸಿ ಇರುತ್ತದೆ, ರಾತ್ರಿಯಿಡೀ ಬಿಟ್ಟರೆ ಬೂಷ್ಟು ಹಿಡಿದರೂ ಹಿಡಿಯಿತು. ಮುಚ್ಚಳ ತೆಗೆದು 37 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಒಣಗಿದ ಮೇಲೆ 225 ಮೈಕ್ರೋಲೀಟರ್ ಶೇ. 30 ಅಸಿಟಿಕ್ ಆಮ್ಲ, 15 ನಿಮಿಷ; ಮೆಲ್ಲಗೆ ಪೈಪೆಟ್ಟಿನಿಂದ ಬೆರೆಸಿ, 125 ಮೈಕ್ರೋಲೀಟರನ್ನು ಹೊಸ ಚಪ್ಪಟೆ ಪ್ಲೇಟಿಗೆ ವರ್ಗಾಯಿಸಿ 550 ನ್ಯಾನೋಮೀಟರಿನಲ್ಲಿ ಓದಿ. ಓದು 2 ದಾಟಿದರೆ ಆಮ್ಲದಲ್ಲಿ ತೆಳುಗೊಳಿಸಿ ಮತ್ತೆ ಓದಿ, ಆ ಮಟ್ಟದಲ್ಲಿ ಯಂತ್ರದ ಓದು ಬಣ್ಣಕ್ಕೆ ಸರಿಯಾಗಿ ಏರುವುದಿಲ್ಲ.

ಪ್ಲೇಟ್ ರೀಡರ್ ಇಲ್ಲದ ಕಾಲೇಜುಗಳೇ ಹೆಚ್ಚು. ಚಿಂತೆಯಿಲ್ಲ. ಇದೇ ಕ್ರಮವನ್ನು ಗಾಜಿನ ಟ್ಯೂಬಿನಲ್ಲಿ ಮಾಡಿ: ಬೆಳೆಸಲು 1 ಮಿಲಿ, ದ್ರಾವಣ 1.2, ಬಣ್ಣ 1.4, ಆಮ್ಲ 1.6, ಆಮೇಲೆ ಸಾಮಾನ್ಯ ಕಲರಿಮೀಟರಿನಲ್ಲಿ ಓದಿ. ಎನ್‌ಜೈಮ್ ಹೆಚ್ಚು ಖರ್ಚಾಗುತ್ತದೆ, ಆದ್ದರಿಂದ ಆರರ ಬದಲು ಮೂರು ಟ್ಯೂಬು.

ಅಂಕಿ ಓದುವುದು

ಮೊದಲು ಬಯೋಫಿಲ್ಮ್ ಇದೆಯೇ ನೋಡಿ. ಕಾಲಂ 2ರ ಸರಾಸರಿಗೆ ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ನಿನ ಮೂರು ಪಟ್ಟು ಸೇರಿಸಿದರೆ ಗಡಿ ಸಿಗುತ್ತದೆ. ಕಾಲಂ 3ರ ಓದು ಗಡಿಯ ಒಳಗಿದ್ದರೆ ಬಯೋಫಿಲ್ಮ್ ಇಲ್ಲ, ಎರಡು ಪಟ್ಟಿನವರೆಗೆ ವೀಕ್, ನಾಲ್ಕು ಪಟ್ಟಿನವರೆಗೆ ಮಾಡರೇಟ್, ಅದರ ಮೇಲೆ ಸ್ಟ್ರಾಂಗ್. ವೀಕ್ ತಳಿಗಳ ಮೇಲೆ ಕತ್ತರಿ ಪ್ರಯೋಗ ಮಾಡಬೇಡಿ. ಕಳೆದುಕೊಳ್ಳಲು ಏನೂ ಇಲ್ಲದ ಕಡೆ ಕಳೆದದ್ದೆಷ್ಟು ಎಂದು ಅಳೆಯಲಾಗದು.

ಎಷ್ಟು ಶೇಕಡಾ ಹೋಯಿತು ಎಂಬುದಕ್ಕೆ: ಬಫರ್ ಕಾಲಂನ ಓದಿನಿಂದ ಕತ್ತರಿ ಕಾಲಂನ ಓದು ಕಳೆಯಿರಿ, ಅದನ್ನು ಬಫರ್ ಓದಿನಿಂದ ಕಾಲಂ 2ರ ಓದು ಕಳೆದು ಬಂದದ್ದರಿಂದ ಭಾಗಿಸಿ, 100ರಿಂದ ಗುಣಿಸಿ. ಆರು ಗುಣಿ ಅಂದರೆ ಆರು ಪ್ರಯೋಗ ಅಲ್ಲ. ಬೇರೆ ಬೇರೆ ಮೂರು ದಿನ, ಬೇರೆ ಬೇರೆ ಕಾಲೊನಿಯಿಂದ ಮಾಡಿದ ಮೂರು ಸರಾಸರಿಗಳ ಮೇಲೆ ಅಂಕಿಅಂಶ ಪರೀಕ್ಷೆ ಮಾಡಿ. ಹದಿನೆಂಟು ಗುಣಿಗಳನ್ನು ಒಟ್ಟು ಹಾಕಿ ಪಿ ಬೆಲೆ ಇಳಿಸುವ ಚಾಳಿಯನ್ನು ಪರೀಕ್ಷಕರು ಹಿಡಿಯದಿದ್ದರೂ ಅದು ತಪ್ಪೇ.

ಎಪಿಡರ್ಮಿಡಿಸ್ 35984 ಪರ್‌ಅಯೊಡೇಟಿಗೆ ಚೆನ್ನಾಗಿ ಕಳಚಬೇಕು. ಕಳಚದಿದ್ದರೆ ತಳಿಯನ್ನು ಅನುಮಾನಿಸುವ ಮೊದಲು ಪರ್‌ಅಯೊಡೇಟ್ ದ್ರಾವಣ ಹಳತೇ ನೋಡಿ. ಸ್ಟ್ಯಾಫಿಲೊಕಾಕಸ್ ಆರಿಯಸ್ ತಳಿಗಳಲ್ಲಿ ಗಮನಿಸಬೇಕಾದ ಮಾತೊಂದಿದೆ: ಬ್ರಾತ್ ಯಾವುದು ಎಂಬುದರ ಮೇಲೆ ಅಂಟೇ ಬದಲಾಗಬಹುದು. ಗ್ಲೂಕೋಸ್ ಇದ್ದಾಗ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತದೆ, ಪಿಎಚ್ ಇಳಿಯುತ್ತದೆ, ಪ್ರೋಟೀನುಗಳೂ ಡಿಎನ್‌ಎಯೂ ಕೋಶಗಳಿಗೆ ಅಂಟುತ್ತವೆ. ಹಾಗಾಗಿ ಮೆಥಿಸಿಲಿನ್‌ಗೆ ಬಗ್ಗದ ಎಷ್ಟೋ ತಳಿಗಳು ಗ್ಲೂಕೋಸ್ ಬ್ರಾತ್‌ನಲ್ಲಿ ಪ್ರೋಟೀನೇಸಿಗೆ ಕಳಚಿ ಪರ್‌ಅಯೊಡೇಟಿಗೆ ಮಿಸುಕುವುದಿಲ್ಲ. ಗ್ಲೂಕೋಸ್ ಬಿಟ್ಟು ಶೇ. 4 ಉಪ್ಪು ಹಾಕಿದರೆ ಪಿಐಎ ಕಡೆ ವಾಲುವ ತಳಿಗಳಿವೆ. ‘ಈ ತಳಿಯ ಅಂಟು ಪ್ರೋಟೀನು’ ಎಂದಷ್ಟೇ ಬರೆಯಬೇಡಿ, ಯಾವ ಬ್ರಾತ್‌ನಲ್ಲಿ ಎಂಬುದನ್ನೂ ಅದೇ ವಾಕ್ಯದಲ್ಲಿ ಬರೆಯಿರಿ.

ಸ್ಯೂಡೊಮೊನಾಸ್ ಮೇಲೆ ಡಿಎನ್‌ಏಸ್‌ನ ಫಲ ವಯಸ್ಸಿನ ಮೇಲೆ ನಿಂತಿದೆ. 2002ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗದಲ್ಲಿ 60 ಗಂಟೆಯವರೆಗಿನ ಬಯೋಫಿಲ್ಮ್ ಡಿಎನ್‌ಏಸ್‌ಗೆ ಕರಗಿತು, 84 ಗಂಟೆಯದು ಹೆಚ್ಚು ಅಲುಗಲಿಲ್ಲ. ಎಳೆಯದರಲ್ಲಿ ಡಿಎನ್‌ಎ ಆಧಾರ, ಬಲಿತ ಮೇಲೆ ಬೇರೆ ವಸ್ತುಗಳೂ ಭಾರ ಹೊರುತ್ತವೆ. ಹಾಗಾಗಿ ಸಮಯವಿದ್ದರೆ 24 ಮತ್ತು 72 ಗಂಟೆಯ ಎರಡು ಪ್ಲೇಟು ಮಾಡಿ, 24 ಗಂಟೆಗೊಮ್ಮೆ ಬ್ರಾತ್ ಬದಲಿಸುತ್ತಾ. ಒಂದೇ ವಯಸ್ಸಿನ ಹತ್ತು ತಳಿಗಿಂತ ಎರಡು ವಯಸ್ಸಿನ ಎರಡು ತಳಿ ಹೆಚ್ಚು ತಿಳಿಸುತ್ತವೆ.

ಇಡಿಟಿಎ ಕಾಲಂ ಬಗ್ಗೆ ಅವಸರದ ತೀರ್ಮಾನ ಬೇಡ. ಅದು ಕಟ್ಟು ಬಿಚ್ಚುವುದರ ಜೊತೆಗೆ ಗ್ರಾಂ ನೆಗೆಟಿವ್‌ಗಳ ಹೊರಪೊರೆಯನ್ನೂ ಹರಿದು ಕೊಲ್ಲುತ್ತದೆ. ಕ್ರಿಸ್ಟಲ್ ವಯಲೆಟ್‌ಗೆ ಸತ್ತದ್ದು ಬದುಕಿದ್ದು ಒಂದೇ, ಎರಡಕ್ಕೂ ಬಣ್ಣ ಹಿಡಿಯುತ್ತದೆ. ಆದ್ದರಿಂದ ಜೊತೆಗೊಂದು ಪ್ಲೇಟಿನಲ್ಲಿ ಬಣ್ಣ ಹಾಕದೆ ಗುಣಿಯನ್ನು ಸಲೈನಿನಲ್ಲಿ ಕೆರೆದು, ಚೆನ್ನಾಗಿ ಬೆರೆಸಿ, ಹತ್ತು ಹತ್ತು ಪಟ್ಟು ತೆಳುಗೊಳಿಸಿ, 10 ಮೈಕ್ರೋಲೀಟರ್ ಹನಿಗಳನ್ನು ಅಗಾರ್ ಮೇಲೆ ಇಟ್ಟು ಎಣಿಸಿ. ಗುಣಿಯಿಂದ ಚೆಲ್ಲಿದ ದ್ರವವನ್ನೂ ಎಣಿಸಿದರೆ ಕಳಚಿದ್ದು ಬದುಕಿದೆಯೇ ಗೊತ್ತಾಗುತ್ತದೆ. ಎನ್‌ಜೈಮ್ ಕಳಚಿದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬದುಕಿಯೇ ಇರುತ್ತದೆ.

ಶ್ವಾಸಕೋಶ ಪ್ಲಾಸ್ಟಿಕ್ ಅಲ್ಲ

ಪ್ಲೇಟಿನಲ್ಲಿ ಕಂಡದ್ದನ್ನು ಹಾಗೇ ರೋಗಿಯ ಎದೆಗೆ ಅನ್ವಯಿಸಲಾಗದು. ದೀರ್ಘ ಸೋಂಕಿನಲ್ಲಿ ಬಯೋಫಿಲ್ಮ್ ಹೆಚ್ಚಾಗಿ ಗೋಡೆಗೆ ಅಂಟದೆ ಕಫದೊಳಗೇ ಸಣ್ಣ ಸಣ್ಣ ಗಂಟುಗಳಾಗಿ ಸಿಕ್ಕಿಕೊಂಡಿರುತ್ತದೆ. ಅಲ್ಲಿ ಬ್ಯಾಕ್ಟೀರಿಯಾದ ಅಂಟಿನ ಜೊತೆ ನಮ್ಮದೇ ವಸ್ತುಗಳೂ ಸೇರಿವೆ: ಲೋಳೆಯ ಪ್ರೋಟೀನಾದ ಮ್ಯೂಸಿನ್, ಸತ್ತ ನ್ಯೂಟ್ರೋಫಿಲ್‌ಗಳ (ಒಂದು ಬಗೆಯ ಬಿಳಿ ರಕ್ತಕಣ) ಡಿಎನ್‌ಎ, ಆಕ್ಟಿನ್. ಟೋಬ್ರಾಮೈಸಿನ್‌ನಂಥ ಧನ ವಿದ್ಯುದಂಶದ ಔಷಧ ಡಿಎನ್‌ಎಗೂ ಆಲ್ಜಿನೇಟಿಗೂ ಅಂಟಿ ದಾರಿಯಲ್ಲೇ ಉಳಿಯುತ್ತದೆ. ಡಿಎನ್‌ಎ ಮೆಗ್ನೀಸಿಯಂ ಹಿಡಿದುಕೊಳ್ಳುವುದರಿಂದ ಸ್ಯೂಡೊಮೊನಾಸ್ ತನ್ನ ಹೊರಪೊರೆ ಬದಲಿಸಿಕೊಂಡು ಇನ್ನಷ್ಟು ತಡೆದುಕೊಳ್ಳುತ್ತದೆ.

ಇದಕ್ಕೆ ಹತ್ತಿರದ ಮಾದರಿ ಬೇಕಿದ್ದರೆ ಕೃತಕ ಕಫದ ಬ್ರಾತ್ ಮಾಡಿ. ಲೀಟರಿನ ಲೆಕ್ಕ ಹೀಗೆ: ಹಂದಿಯ ಜಠರದ ಮ್ಯೂಸಿನ್ 5 ಗ್ರಾಂ, ಡಿಎನ್‌ಎ 4 ಗ್ರಾಂ, ಉಪ್ಪು 5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 2.2 ಗ್ರಾಂ, ಡಿಟಿಪಿಎ 5.9 ಮಿಲಿಗ್ರಾಂ, ಅಮೈನೋ ಆಮ್ಲ ಮಿಶ್ರಣ 5 ಗ್ರಾಂ, ಮೊಟ್ಟೆಯ ಹಳದಿ ಎಮಲ್ಷನ್ 5 ಮಿಲಿ, ಪಿಎಚ್ 7. ಬೆಲೆ ನೋಡಿಕೊಂಡು 50 ಮಿಲಿ ಮಾತ್ರ ಮಾಡಿ. ಡಿಎನ್‌ಎ ಕರಗಲು ಒಂದು ರಾತ್ರಿ ಬೇಕು, ಬಿಸಿ ಮಾಡಿ ಅವಸರಪಡಿಸಬೇಡಿ. ಇದರಲ್ಲಿ ಗಂಟುಗಳು ತೇಲುತ್ತವೆ, ಗುಣಿಗೆ ಅಂಟುವುದಿಲ್ಲ. ಹಾಗಾಗಿ ಕ್ರಿಸ್ಟಲ್ ವಯಲೆಟ್ ಉಪಯೋಗವಿಲ್ಲ, ಎಣಿಕೆಯೇ ದಾರಿ. ಒಂದು ಗಂಟೆ ಡಿಎನ್‌ಏಸ್, ಆಮೇಲೆ ಟೋಬ್ರಾಮೈಸಿನ್. ಎನ್‌ಜೈಮ್ ಇದ್ದಾಗ ಇಲ್ಲದಾಗ ಉಳಿದ ಎಣಿಕೆ ಹೋಲಿಸಿ.

ಡಿಎನ್‌ಏಸ್ ಚೆನ್ನಾಗಿ ಕಳಚಿತೆಂದು ರಿಪೋರ್ಟಿನ ಕೊನೆಗೆ ಅದನ್ನೇ ಎಲ್ಲರಿಗೂ ಔಷಧ ಮಾಡಿಬಿಡಬೇಡಿ. ಮನುಷ್ಯರ ಡಿಎನ್‌ಏಸ್ ಡಾರ್ನೇಸ್ ಆಲ್ಫಾ ಎಂಬ ಹೆಸರಿನಲ್ಲಿ 1993ರಿಂದ ಸಿಸ್ಟಿಕ್ ಫೈಬ್ರೋಸಿಸ್ (ಕಫ ಗಟ್ಟಿಯಾಗುವ ಆನುವಂಶಿಕ ಕಾಯಿಲೆ) ರೋಗಿಗಳಿಗೆ ನೆಬ್ಯುಲೈಸರಿನಲ್ಲಿ ದಿನಕ್ಕೆ 2.5 ಮಿಲಿಗ್ರಾಂ ಕೊಡುವುದಿದೆ. ಅದೇ ಔಷಧವನ್ನು ಸಿಸ್ಟಿಕ್ ಫೈಬ್ರೋಸಿಸ್ ಇಲ್ಲದ, ಶ್ವಾಸನಾಳಗಳು ಹಿಗ್ಗಿ ಕಫ ನಿಲ್ಲುವ ಬ್ರಾಂಕಿಯೆಕ್ಟಾಸಿಸ್‌ನಲ್ಲಿ ಪರೀಕ್ಷಿಸಿದಾಗ ರೋಗಿಗಳ ಸ್ಥಿತಿ ಬಿಗಡಾಯಿಸಿತು, 1998ರ ಫಲಿತಾಂಶ ಅದು.

ಗಿಡಮೂಲಿಕೆ ಸೇರಿಸುವವರಿಗೆ

ಮಲೆನಾಡಿನ ಪ್ರಾಜೆಕ್ಟ್ ಅಂದಮೇಲೆ ಒಂದು ಎಕ್ಸ್‌ಟ್ರಾಕ್ಟ್ ಬಂದೇ ಬರುತ್ತದೆ: ಅಮೃತಬಳ್ಳಿ, ಮುರುಗಲ, ಅಡಿಕೆ. ಮಾಡಿ, ಆದರೆ ಮೊದಲು ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಕನಿಷ್ಠ ಸಾಂದ್ರತೆ) ಕಂಡುಕೊಂಡು ಅದರ ಕಾಲು ಭಾಗಕ್ಕಿಂತ ಕಡಿಮೆ ಬಳಸಿ. ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲವಾದರೆ ಬಯೋಫಿಲ್ಮ್ ತಡೆಯಿತು ಎನ್ನುವಂತಿಲ್ಲ. ಎಕ್ಸ್‌ಟ್ರಾಕ್ಟ್ ಕರಗಿಸಲು ಬಳಸುವ ಡಿಎಂಎಸ್‌ಒ ಶೇ. 1 ಮೀರದಿರಲಿ, ಅಷ್ಟೇ ಡಿಎಂಎಸ್‌ಒ ಇರುವ ಕಂಟ್ರೋಲ್ ಜೊತೆಗಿರಲಿ. ಅಡಿಕೆ ಚೊಗರಿನಂಥ ಟ್ಯಾನಿನ್ ತುಂಬಿದ ದ್ರವಗಳು ಪ್ರೋಟೀನನ್ನು ಹಿಡಿದು ಕೂರಿಸುತ್ತವೆ, ಪ್ಲಾಸ್ಟಿಕ್ಕಿಗೂ ಬಣ್ಣ ಹತ್ತಿಸುತ್ತವೆ. ಬ್ಯಾಕ್ಟೀರಿಯಾ ಇಲ್ಲದೆ ಎಕ್ಸ್‌ಟ್ರಾಕ್ಟ್ ಮಾತ್ರ ಹಾಕಿದ ಆರು ಗುಣಿ ಇಡದಿದ್ದರೆ ನೀವು ಅಳೆದದ್ದು ಚೊಗರನ್ನೇ.

ಕೆಲಸ ಮುಗಿದ ಮೇಲೆ

ಚೆಲ್ಲಿದ ಕಲ್ಚರ್ ಮತ್ತು ಮೊದಲ ತೊಳೆತದ ನೀರು ಶೇ. 1 ಹೈಪೋಕ್ಲೋರೈಟಿನಲ್ಲಿ 30 ನಿಮಿಷ ಇರಲಿ. ಹೈಪೋಕ್ಲೋರೈಟನ್ನು ಆ ದಿನವೇ ತೆಳುಗೊಳಿಸಿ, ಹಳತಾದರೆ ಬಲ ಇಳಿಯುತ್ತದೆ. ಅಸಿಟಿಕ್ ಆಮ್ಲವನ್ನೂ ಅಸಿಟೇಟ್ ಬಫರನ್ನೂ ಆ ಟ್ರೇಗೆ ಯಾವ ಕಾರಣಕ್ಕೂ ಸುರಿಯಬೇಡಿ, ಆಮ್ಲ ಮತ್ತು ಹೈಪೋಕ್ಲೋರೈಟ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮಳೆಗೆಂದು ಕಿಟಕಿ ಮುಚ್ಚಿರುವ ಕೋಣೆಯಲ್ಲಿ ಇದು ಸಣ್ಣ ಮಾತಲ್ಲ. ಆಮ್ಲಕ್ಕೆ ಬೇರೆ ಬಾಟಲಿ, ಮೇಲೆ ದೊಡ್ಡ ಅಕ್ಷರದ ಚೀಟಿ. 2 ಗಂಟೆಯ ಕತ್ತರಿ ಹಂತದ ನಂತರ 8 ಮತ್ತು 9ನೇ ಕಾಲಂಗಳನ್ನು ಮಾತ್ರ ಪೈಪೆಟ್ಟಿನಿಂದ ಎಳೆದು ಬೇರೆ ಟ್ಯೂಬಿಗೆ ಹಾಕಿ ಆಟೋಕ್ಲೇವಿಗೆ ಕಳಿಸಿ, ಉಳಿದವನ್ನಷ್ಟೇ ಟ್ರೇಗೆ ಚೆಲ್ಲಿ. ಪ್ಲೇಟುಗಳನ್ನು ಆಟೋಕ್ಲೇವ್ ಚೀಲದಲ್ಲಿಟ್ಟು, ಚೀಲವನ್ನು ಸ್ಟೀಲ್ ಟ್ರೇಯಲ್ಲಿಟ್ಟು, 121 ಡಿಗ್ರಿಯಲ್ಲಿ 30 ನಿಮಿಷ ಇಡಿ. ಪಾಲಿಸ್ಟೈರೀನ್ ಕರಗಿ ಮುದ್ದೆಯಾಗುತ್ತದೆ, ಟ್ರೇ ಇಲ್ಲದಿದ್ದರೆ ಆಟೋಕ್ಲೇವಿನ ತಳಕ್ಕೇ ಅಂಟುತ್ತದೆ.